ಸರ್ವರ್‌ಗೆ ಬಂದ 1,412 ಮೇಲ್: ಅಳಿಸುವ ಮೊದಲು ಓದಿ

ಪ್ರಶ್ನೆ: ನಮಸ್ಕಾರ ಮೇಡಂ. ಚಿತ್ರದುರ್ಗದಲ್ಲಿ ನಮ್ಮದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿ. ಬಿಲ್ಲಿಂಗ್‌ಗೆ ಅಂಗಡಿಯಲ್ಲೇ ಒಂದು ಉಬುಂಟು 22.04 ಸರ್ವರ್ ಇಟ್ಟಿದ್ದೇವೆ. ಕೌಂಟರ್‌ನಲ್ಲಿರುವವರು ಪುಟ್ಟಿ ಅನ್ನುವ ಪ್ರೋಗ್ರಾಂ ಮೂಲಕ ಲಾಗಿನ್ ಆಗಿ ಬಿಲ್ ಹಾಕುತ್ತಾರೆ. ಇದನ್ನೆಲ್ಲ ಹೊಂದಿಸಿಕೊಟ್ಟ ಹುಡುಗ ಕೆಲಸ ಬಿಟ್ಟು ಹೋದ. ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಎಲ್ಲ ಅಧಿಕಾರ ಇರುವ ರೂಟ್ ಅನ್ನುವ ಹೆಸರಲ್ಲಿ ಲಾಗಿನ್ ಆದಾಗಲೆಲ್ಲ ‘ಯೂ ಹ್ಯಾವ್ ನ್ಯೂ ಮೇಲ್’ ಅಂತ ಬರುತ್ತದೆ. ಮೇಲ್ ಅಂತ ಟೈಪ್ ಮಾಡಿ ನೋಡಿದರೆ 1,412 ಮೇಲ್ ಇವೆ! ಕಳಿಸಿದವರ ಹೆಸರು ಕ್ರಾನ್ ಡೀಮನ್, ಮೇಲರ್ ಡೀಮನ್ ಅಂತೆಲ್ಲ ಇದೆ. ಈ ಮಷಿನ್‌ಗೆ ಇಮೇಲ್ ಐಡಿಯನ್ನೇ ನಾವು ಮಾಡಿಲ್ಲ. ಒಂದನ್ನು ತೆರೆದೆ. ವಿಷಯದಲ್ಲಿ ಬ್ಯಾಕಪ್ ಸ್ಕ್ರಿಪ್ಟ್ ಹೆಸರು, ಒಳಗೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಅಂತ ಇತ್ತು. ಯಾರಾದರೂ ಹ್ಯಾಕ್ ಮಾಡಿದ್ದಾರಾ? ಗೊತ್ತಿರುವವರೊಬ್ಬರು ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಪ್ರೋಗ್ರಾಂ ಕಿತ್ತುಹಾಕಿ, ಮೇಲ್ ಎಲ್ಲ ಅಳಿಸಿ ಅಂದರು. ಇನ್ನೊಂದು, ಬ್ಯಾಕಪ್ ಆದ ವರದಿ ನನ್ನ ಜೀಮೇಲ್‌ಗೆ ಬರಲಿ ಅಂತ ಮೇಲ್ ಕಮಾಂಡ್‌ನಲ್ಲಿ ಕಳಿಸಿದೆ. ಎರರ್ ಏನೂ ಬರಲಿಲ್ಲ, ಆದರೆ ಮೇಲೂ ಬರಲಿಲ್ಲ, ಸ್ಪ್ಯಾಮ್‌ನಲ್ಲೂ ಇಲ್ಲ. ಸ್ಕ್ರಿಪ್ಟ್‌ನಲ್ಲಿ ಜೀಮೇಲ್ ಪಾಸ್‌ವರ್ಡ್ ಹಾಕಿದರೆ ಆಗುತ್ತೆ ಅಂತಾರೆ, ಹಾಕಬಹುದಾ? ವಾಟ್ಸಾಪ್‌ಗೆ ಬರುವ ಹಾಗೆ ಮಾಡಬಹುದಾ? ರೂಟ್‌ಗೇ ಕನ್ನಡದಲ್ಲಿ ಒಂದು ಮೇಲ್ ಕಳಿಸಿ ನೋಡಿದರೆ ಬರೀ ಪ್ರಶ್ನೆ ಚಿಹ್ನೆಗಳು ಬಂದವು. ಸರ್ವರ್ ರೀಸ್ಟಾರ್ಟ್ ಮಾಡುವ ಮೊದಲು ಕೌಂಟರ್‌ನವರಿಗೆ ಸ್ಕ್ರೀನ್ ಮೇಲೇ ಸಂದೇಶ ಕಳಿಸುವ ದಾರಿ ಇದ್ದರೆ ಅದನ್ನೂ ತಿಳಿಸಿ.

ಉತ್ತರ: ನೀವು ಕೇಳಿದ ಎಲ್ಲದಕ್ಕೂ ಬರುತ್ತೇನೆ. ಅದಕ್ಕೂ ಮೊದಲು, ನೀವು ಹೇಳಿ ಮುಂದೆ ಹೋದ ಒಂದು ಸಾಲಿನ ಹತ್ತಿರ ನಿಲ್ಲಬೇಕು. ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಅಂದರೆ ಡಿಸ್ಕ್ ತುಂಬಿದೆ, ಬರೆಯಲು ಜಾಗ ಇಲ್ಲ ಅಂತ. ಆ ಮೇಲ್‌ನ ವಿಷಯದಲ್ಲಿ ಬ್ಯಾಕಪ್ ಸ್ಕ್ರಿಪ್ಟ್‌ನ ಹೆಸರಿದೆ. ಎರಡನ್ನೂ ಸೇರಿಸಿ ಓದಿದರೆ, ನಿಮ್ಮ ಬಿಲ್ಲಿಂಗ್ ಡೇಟಾದ ಬ್ಯಾಕಪ್ ಕೆಲವು ದಿನವಾದರೂ ಸರಿಯಾಗಿ ಆಗಿಲ್ಲ ಅಂತ ಅರ್ಥ. ಯಾವತ್ತಿನಿಂದ ಅನ್ನುವುದು ಆ 1,412 ಮೇಲ್‌ಗಳಲ್ಲೇ ಇದೆ. ದಯವಿಟ್ಟು ಇನ್ನೂ ಅಳಿಸಬೇಡಿ.

ಇವತ್ತೇ ಇದನ್ನು ನೋಡಿ. ಡಿಎಫ್ ಕಮಾಂಡ್‌ಗೆ ಹೈಫನ್ ಎಚ್ ಸೇರಿಸಿ ಓಡಿಸಿದರೆ ಯಾವ ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುತ್ತದೆ. ನನ್ನ ಅಂದಾಜು ಹೇಳುತ್ತೇನೆ. ಹೊಸ ಮೇಲ್‌ಗಳು ಬಂದು ಸೇರುತ್ತಲೇ ಇವೆ, ಹಾಗಾಗಿ ಮೇಲ್ ಕೂರುವ ವಾರ್ ಡೈರೆಕ್ಟರಿ ಇರುವ ಡಿಸ್ಕ್‌ನಲ್ಲಿ ಜಾಗ ಇರಬೇಕು. ತುಂಬಿರುವುದು ಬಹುಶಃ ಬ್ಯಾಕಪ್‌ಗೆ ಅಂತ ಇಟ್ಟ ಬೇರೆ ಡಿಸ್ಕ್ ಅಥವಾ ಪಾರ್ಟಿಷನ್. ಜಾಗ ಇದೆ ಅಂತ ತೋರಿಸಿದರೂ ಇದೇ ಎರರ್ ಬರುತ್ತಿದ್ದರೆ ಡಿಎಫ್‌ಗೆ ಹೈಫನ್ ಐ ಹಾಕಿ ನೋಡಿ. ಸಣ್ಣ ಸಣ್ಣ ಫೈಲ್‌ಗಳು ಲಕ್ಷಗಟ್ಟಲೆ ಸೇರಿದಾಗ ಐನೋಡ್‌ಗಳು, ಅಂದರೆ ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆಗಳು, ಮುಗಿದುಹೋಗುತ್ತವೆ. ಆಗಲೂ ಸಿಸ್ಟಮ್ ಇದೇ ಮಾತು ಹೇಳುತ್ತದೆ.

ಹಳೆಯ ಬ್ಯಾಕಪ್ ಫೈಲ್‌ಗಳನ್ನು ಮೊದಲು ಹೊರಗಿನ ಒಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ, ಆಮೇಲೆ ಜಾಗ ಬಿಡಿಸಿ. ಫೈಲ್ ಹೆಸರು, ತಾರೀಖು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಡಿಸ್ಕ್ ತುಂಬಿದಾಗ ಅರ್ಧಂಬರ್ಧ ಬರೆದ ಫೈಲ್ ಹಾಗೇ ಉಳಿದಿರಬಹುದು. ಹೊರಗಿನಿಂದ ನೋಡಿದರೆ ಅದು ಸರಿಯಾಗೇ ಕಾಣುತ್ತದೆ. ಜಿಜಿಪ್‌ನಲ್ಲಿ ಕುಗ್ಗಿಸಿದ ಫೈಲ್ ಆಗಿದ್ದರೆ ಜಿಜಿಪ್ ಕಮಾಂಡ್‌ಗೆ ಹೈಫನ್ ಟಿ ಕೊಟ್ಟು ಪರೀಕ್ಷಿಸಿ. ಅರ್ಧಕ್ಕೆ ನಿಂತ ಫೈಲ್ ಆದರೆ ಕೂಡಲೇ ಹೇಳಿಬಿಡುತ್ತದೆ. ಕೊನೆಗೆ ಒಂದು ಬ್ಯಾಕಪ್ಪನ್ನು ಬೇರೆ ಕಂಪ್ಯೂಟರ್‌ನಲ್ಲಿ ಬಿಚ್ಚಿ, ಕಳೆದ ವಾರದ ಒಂದು ಬಿಲ್ ಅದರಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ.

ಮೇಲ್ ಬಂದಿದ್ದು ಎಲ್ಲಿಂದ?

ಹ್ಯಾಕ್ ಆಗಿದೆ ಅನ್ನುವುದಕ್ಕೆ ಈ ಮೇಲ್‌ಗಳು ಸಾಕ್ಷಿ ಅಲ್ಲ. ಇವು ಹೊರಗಿನಿಂದ ಬಂದಿಲ್ಲ. ನಿಮ್ಮ ಸರ್ವರ್ ತನಗೆ ತಾನೇ ಬರೆದುಕೊಂಡಿರುವ ಪತ್ರಗಳು.

ಇಮೇಲ್ ಅಂದರೆ ಇಂಟರ್ನೆಟ್ ಅಂತ ನಮಗೆ ಅಭ್ಯಾಸವಾಗಿದೆ. ಆದರೆ ಮೇಲ್ ಶುರುವಾಗಿದ್ದು ಒಂದೇ ಕಂಪ್ಯೂಟರ್‌ನ ಒಳಗೆ. 1965ರಲ್ಲಿ ಅಮೆರಿಕದ ಎಂಐಟಿಯಲ್ಲಿ, ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದಾಗ, ಒಬ್ಬರಿಗೊಬ್ಬರು ಚೀಟಿ ಬಿಡಲು ಮೇಲ್ ಅನ್ನುವ ಕಮಾಂಡ್ ಬಂತು. ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಅದನ್ನು ಬರೆದವರು. ರೇ ಟಾಮ್ಲಿನ್ಸನ್ ಆ್ಯಟ್ ಚಿಹ್ನೆ ಬಳಸಿ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಮೇಲ್ ಕಳಿಸಿದ್ದು 1971ರಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಯೂನಿಕ್ಸ್‌ನ ಮೊದಲ ಕೈಪಿಡಿಯಲ್ಲೂ ಮೇಲ್ ಕಮಾಂಡ್ ಇತ್ತು. ಯೂನಿಕ್ಸ್ ಮಾದರಿಯ ಲಿನಕ್ಸ್ ಆ ಪದ್ಧತಿಯನ್ನೇ ಉಳಿಸಿಕೊಂಡಿದೆ. ನಿಮ್ಮ ಉಬುಂಟು ಕೂಡ ಒಂದು ಲಿನಕ್ಸ್. ಹಾಗಾಗಿ ನಿಮ್ಮ ಮಷಿನ್‌ನಲ್ಲಿ ಲಾಗಿನ್ ಇರುವ ಪ್ರತಿಯೊಬ್ಬರೂ ಒಂದು ಮೇಲ್ ವಿಳಾಸ ಇರುವವರೇ. ಐಡಿ ಬೇರೆ ಮಾಡಬೇಕಿಲ್ಲ.

ಈ ಮೇಲ್‌ಗಳು ಇರುವುದು ವಾರ್ ಡೈರೆಕ್ಟರಿಯೊಳಗಿನ ಮೇಲ್ ಅನ್ನುವ ಜಾಗದಲ್ಲಿ, ರೂಟ್ ಅನ್ನುವ ಹೆಸರಿನ ಒಂದೇ ಒಂದು ಫೈಲ್‌ನಲ್ಲಿ. ಸಾದಾ ಅಕ್ಷರದ ಫೈಲ್ ಅದು, ಒಂದರ ಕೆಳಗೊಂದು ಮೇಲ್ ಅಂಟಿಕೊಂಡಿರುತ್ತವೆ. ಲಾಗಿನ್ ಆದಾಗ ಸಿಸ್ಟಮ್ ಆ ಫೈಲನ್ನು ನೋಡಿ ಹೊಸದಿದೆ ಅನ್ನುತ್ತದೆ. ಆಮೇಲೆ ಬ್ಯಾಶ್, ಅಂದರೆ ನೀವು ಟೈಪ್ ಮಾಡಿದ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ, ಸುಮಾರು 60 ಸೆಕೆಂಡಿಗೊಮ್ಮೆ ಮತ್ತೆ ನೋಡುತ್ತಿರುತ್ತದೆ. ಅಷ್ಟೇ ವಿಷಯ.

ಕ್ರಾನ್ ನಿಮ್ಮ ಸರ್ವರ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ಓಡಿಸುವ ಪ್ರೋಗ್ರಾಂ. ಅದು ಓಡಿಸಿದ ಕೆಲಸ ಏನಾದರೂ ಅಕ್ಷರ ಹೊರಗೆ ಹಾಕಿದರೆ, ಅದು ಎರರ್ ಆಗಲಿ, ‘ಮುಗಿಯಿತು’ ಅನ್ನುವ ಮಾತಾಗಲಿ, ಕ್ರಾನ್ ಅದನ್ನು ಮೇಲ್ ಮಾಡುತ್ತದೆ. ಮಾತಾಡದ ಕೆಲಸಕ್ಕೆ ಮೇಲ್ ಇಲ್ಲ. ಮೇಲರ್ ಡೀಮನ್ ಅನ್ನುವುದು ಮೇಲ್ ಸಾಗಿಸುವ ಪ್ರೋಗ್ರಾಂ, ಅಂದರೆ ನಿಮ್ಮಲ್ಲಿ ಪೋಸ್ಟ್‌ಫಿಕ್ಸ್. ಮುಟ್ಟಿಸಲು ಆಗದ ಮೇಲ್ ಅನ್ನು ಕಾರಣ ಬರೆದು ವಾಪಸ್ ಕಳಿಸಿದಾಗ ಈ ಹೆಸರು ಬರುತ್ತದೆ. ನಿಮ್ಮ ಜೀಮೇಲ್‌ಗೆ ಹೋಗದ ವರದಿಗಳ ಕಥೆ ಅಲ್ಲೇ ಇರುವ ಸಾಧ್ಯತೆ ಜಾಸ್ತಿ.

ಒಂದೊಂದನ್ನೇ ತೆರೆದು ಓದಬೇಕಿಲ್ಲ. ಆ ಫೈಲ್‌ನಿಂದ ‘ಸಬ್ಜೆಕ್ಟ್’ ಅಂತ ಶುರುವಾಗುವ ಸಾಲುಗಳನ್ನು ಗ್ರೆಪ್ ಕಮಾಂಡ್‌ನಿಂದ ಆರಿಸಿ. ಅದನ್ನು ಪೈಪ್ ಚಿಹ್ನೆ (ನಿಂತ ಗೆರೆ) ಹಾಕಿ ಸಾರ್ಟ್ ಕಮಾಂಡ್‌ಗೆ, ಅಲ್ಲಿಂದ ಯೂನಿಕ್ ಹೈಫನ್ ಸಿ ಗೆ ಕೊಡಿ. ಯಾವ ವಿಷಯದ ಮೇಲ್ ಎಷ್ಟಿವೆ ಅಂತ ಎಣಿಸಿ ತೋರಿಸುತ್ತದೆ. 1,412 ಇರುವುದು ಬಹುಶಃ ಐದಾರು ಸಾಲಿಗೆ ಇಳಿಯುತ್ತದೆ. ದಿನಕ್ಕೊಂದು ಬ್ಯಾಕಪ್ ಮಾತ್ರ ಕಾರಣ ಆಗಿದ್ದರೆ ಇಷ್ಟು ಮೇಲ್ ಸೇರಲು ಸುಮಾರು 4 ವರ್ಷ ಬೇಕು. ಹಾಗಾಗಿ ಪದೇ ಪದೇ ಓಡುವ ಬೇರೊಂದು ಕೆಲಸವೂ ದೂರು ಹೇಳುತ್ತಿರಬೇಕು. ಅದು ಯಾವುದು ಅಂತ ಈ ಎಣಿಕೆಯಲ್ಲೇ ಸಿಗುತ್ತದೆ.

ಓದಿ ಮುಗಿದ ಮೇಲೆ ಅಳಿಸಲು ಮೇಲ್ ಪ್ರೋಗ್ರಾಂ ಒಳಗೆ ಡಿ ಅಕ್ಷರ, ಒಂದು ಸ್ಪೇಸ್, ನಕ್ಷತ್ರ ಚಿಹ್ನೆ ಒತ್ತಿ, ಆಮೇಲೆ ಕ್ಯೂ ಒತ್ತಿ ಹೊರಬನ್ನಿ. ಇಲ್ಲೊಂದು ವಿಷಯ ತಿಳಿದಿರಲಿ. ಓದಿದ ಮೇಲ್ ಅನ್ನು ಅಳಿಸದೆ ಕ್ಯೂ ಒತ್ತಿದರೆ ಅದು ನಿಮ್ಮ ಹೋಮ್ ಡೈರೆಕ್ಟರಿಯ ಎಂಬಾಕ್ಸ್ ಅನ್ನುವ ಫೈಲ್‌ಗೆ ಸರಿಯುತ್ತದೆ. ಮೇಲ್ ಎಲ್ಲಿ ಹೋಯಿತು ಅಂತ ಹುಡುಕುವವರು ಬಹಳ ಜನ. ಏನೂ ಬದಲಾಗದೆ ಹೊರಬರಬೇಕಾದರೆ ಎಕ್ಸ್ ಒತ್ತಿ.

ಪೋಸ್ಟ್‌ಫಿಕ್ಸ್ ಕಿತ್ತುಹಾಕುವ ಸಲಹೆ ನನಗೆ ಒಪ್ಪಿಗೆ ಇಲ್ಲ. ಮೇಲ್ ಸಾಗಿಸುವ ಪ್ರೋಗ್ರಾಂ ಇಲ್ಲದಿದ್ದರೆ ಉಬುಂಟುವಿನ ಕ್ರಾನ್ ಆ ಮಾತುಗಳನ್ನು ಎಸೆದುಬಿಡುತ್ತದೆ. ಎಸೆದೆ ಅಂತ ಸಿಸ್ಟಮ್ ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಹೀಗೆ ಬಾಯಿ ಮುಚ್ಚಿಸಿದ ಸರ್ವರ್‌ಗಳನ್ನು ರಿಪೇರಿಗೆ ಅಂತ ತೆರೆದಾಗ ತಿಂಗಳುಗಟ್ಟಲೆ ಬ್ಯಾಕಪ್ ಇಲ್ಲದ್ದನ್ನು ನಾನು ಕಂಡಿದ್ದೇನೆ. ಡಿಸ್ಕ್ ಕೈಕೊಟ್ಟ ದಿನ ಅಂಗಡಿಯವರು ಕಾಗದದ ಬಿಲ್ ಪುಸ್ತಕ ಹಿಡಿದು ಕೂರಬೇಕಾಗುತ್ತದೆ. ಕ್ರಾನ್‌ನ ಕೆಲಸಗಳ ಪಟ್ಟಿ ಇರುವ ಕ್ರಾನ್‌ಟ್ಯಾಬ್‌ನಲ್ಲಿ ಪ್ರತಿ ಕೆಲಸದ ಮಾತನ್ನೂ ಡೆವ್ ನಲ್ ಅನ್ನುವ ಕಸದ ಬುಟ್ಟಿಗೆ ಕಳಿಸುವುದು, ಮೇಲ್ ಯಾರಿಗೆ ಅಂತ ಹೇಳುವ ಮೇಲ್‌ಟು ಅನ್ನುವುದನ್ನು ಖಾಲಿ ಬಿಡುವುದು, ಎರಡೂ ಇದೇ ತಪ್ಪಿನ ಬೇರೆ ರೂಪಗಳು. ಸರಿಯಾದ ದಾರಿ ಅಂದರೆ, ಎಲ್ಲ ಸರಿಯಾದಾಗ ಸುಮ್ಮನಿದ್ದು ಕೆಟ್ಟಾಗ ಮಾತ್ರ ಮಾತಾಡುವಂತೆ ಸ್ಕ್ರಿಪ್ಟನ್ನು ತಿದ್ದುವುದು.

ಹ್ಯಾಕ್ ಭಯ ಇದ್ದೇ ಇದೆ ಅಂದರೆ ಒಂದು ವಿಷಯ ನೋಡಿ. ಎಸ್‌ಎಸ್ ಕಮಾಂಡ್‌ಗೆ ಹೈಫನ್, ಅದಕ್ಕೆ ಅಂಟಿಸಿ ಎಲ್, ಎನ್, ಟಿ ಅಕ್ಷರ ಕೊಟ್ಟು ಓಡಿಸಿ. 25ನೇ ಪೋರ್ಟ್‌ನ ಮುಂದೆ 127.0.0.1 ಅಂತ ಇದ್ದರೆ ಪೋಸ್ಟ್‌ಫಿಕ್ಸ್ ಒಳಗಿನವರ ಮಾತನ್ನು ಮಾತ್ರ ಕೇಳಿಸಿಕೊಳ್ಳುತ್ತಿದೆ. 0.0.0.0 ಇದ್ದರೆ ಹೊರಗಿನ ಮಷಿನ್‌ಗಳಿಗೂ ಕಿವಿ ತೆರೆದಿದೆ. ನಿಮಗೆ ಅದು ಬೇಡ. ಪೋಸ್ಟ್‌ಫಿಕ್ಸ್‌ನ ಮುಖ್ಯ ಕಾನ್ಫಿಗ್ ಫೈಲ್‌ನಲ್ಲಿ ಇನೆಟ್ ಇಂಟರ್‌ಫೇಸಸ್ ಅನ್ನುವ ಸಾಲನ್ನು ಲೂಪ್‌ಬ್ಯಾಕ್ ಓನ್ಲಿ ಅಂತ ಮಾಡಿ, ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿ. ಇದಕ್ಕಿಂತ ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು ನೀವು ನೇರ ರೂಟ್ ಆಗಿ ಲಾಗಿನ್ ಆಗುತ್ತಿರುವುದು. ಉಬುಂಟು ಹಾಕಿದ ಹೊಸದರಲ್ಲಿ ರೂಟ್‌ಗೆ ಪಾಸ್‌ವರ್ಡ್ ಲಾಗಿನ್ ಇರುವುದಿಲ್ಲ. ಹಿಂದಿನವರು ತೆರೆದಿಟ್ಟಿದ್ದಾರೆ. ಅದನ್ನು ಮುಚ್ಚಿ, ನಿಮ್ಮ ಹೆಸರಿನ ಲಾಗಿನ್ ಮಾಡಿಕೊಂಡು, ರೂಟ್‌ನ ಅಧಿಕಾರ ಬೇಕಾದಾಗ ಮಾತ್ರ ಸುಡೂ ಕಮಾಂಡ್ ಬಳಸಿ. ಕೆಲಸ ಬಿಟ್ಟು ಹೋದವರ ಪಾಸ್‌ವರ್ಡ್‌ಗಳನ್ನೂ ಬದಲಾಯಿಸಿ.

ಎರರ್ ಇಲ್ಲ, ಮೇಲೂ ಇಲ್ಲ

ಮೇಲ್ ಕಮಾಂಡ್ ತಾನೇ ಜೀಮೇಲ್‌ವರೆಗೆ ಹೋಗುವುದಿಲ್ಲ. ಪತ್ರವನ್ನು ಕೆಂಪು ಡಬ್ಬಿಗೆ ಹಾಕಿದ ಹಾಗೆ, ಪೋಸ್ಟ್‌ಫಿಕ್ಸ್‌ನ ಕ್ಯೂಗೆ, ಅಂದರೆ ಕಾಯುವ ಸಾಲಿಗೆ, ಹಾಕಿ ವಾಪಸ್ ಬರುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು, ಅದಕ್ಕೇ ಎರರ್ ಇಲ್ಲ. ಮುಟ್ಟಿತೋ ಇಲ್ಲವೋ ಅನ್ನುವುದು ಬೇರೆ ಪ್ರೋಗ್ರಾಂನ ಬೇರೆ ಹೊತ್ತಿನ ಕೆಲಸ.

ನೋಡಬೇಕಾದ ಜಾಗ ಎರಡು. ಮೇಲ್‌ಕ್ಯೂ ಕಮಾಂಡ್ ಕೊಟ್ಟರೆ ಇನ್ನೂ ಹೋಗದೆ ಕಾಯುತ್ತಿರುವ ಮೇಲ್‌ಗಳ ಪಟ್ಟಿ ಬರುತ್ತದೆ, ಪ್ರತಿಯೊಂದರ ಕೆಳಗೆ ಕಾರಣವೂ ಇರುತ್ತದೆ. ಇನ್ನೊಂದು, ವಾರ್ ಒಳಗಿನ ಲಾಗ್ ಡೈರೆಕ್ಟರಿಯ ಮೇಲ್ ಡಾಟ್ ಲಾಗ್ ಫೈಲ್. ಅಲ್ಲಿ ಪ್ರತಿ ಮೇಲ್‌ಗೂ ‘ಸ್ಟೇಟಸ್’ ಅಂತ ಒಂದು ಪದ ಸಿಗುತ್ತದೆ. ‘ಸೆಂಟ್’ ಅಂದರೆ ಆಚೆಯ ಸರ್ವರ್ ತೆಗೆದುಕೊಂಡಿತು. ಇನ್‌ಬಾಕ್ಸ್‌ಗೆ ಹಾಕಿತೋ ಸ್ಪ್ಯಾಮ್‌ಗೆ ಹಾಕಿತೋ ಅದರ ಇಷ್ಟ. ‘ಡಿಫರ್ಡ್’ ಅಂದರೆ ಈಗ ಆಗಲಿಲ್ಲ, ಮತ್ತೆ ಪ್ರಯತ್ನಿಸುತ್ತೇನೆ ಅಂತ. ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 5 ದಿನ ಪ್ರಯತ್ನಿಸುತ್ತದೆ. ‘ಬೌನ್ಸ್ಡ್’ ಅಂದರೆ ವಾಪಸ್ ಬಂತು, ಮೇಲರ್ ಡೀಮನ್ ಪತ್ರ ನಿಮ್ಮ ಡಬ್ಬಿಯಲ್ಲಿದೆ.

ನಿಮ್ಮಂಥ ಅಂಗಡಿಗಳಲ್ಲಿ ನಾನು ಸಾಮಾನ್ಯವಾಗಿ ನೋಡುವ ಕಾರಣಗಳು ಇವು. ಪೋಸ್ಟ್‌ಫಿಕ್ಸ್ ಹಾಕುವಾಗ ಅದು ಒಂದು ಪ್ರಶ್ನೆ ಕೇಳುತ್ತದೆ. ಅಲ್ಲಿ ‘ಲೋಕಲ್ ಓನ್ಲಿ’ ಆರಿಸಿದ್ದರೆ ಹೊರಗಿನ ವಿಳಾಸದ ಮೇಲ್ ಎಲ್ಲ ತಕ್ಷಣ ವಾಪಸ್ ಬರುತ್ತದೆ. ‘ಇಂಟರ್ನೆಟ್ ಸೈಟ್’ ಆರಿಸಿದ್ದರೆ ಪೋಸ್ಟ್‌ಫಿಕ್ಸ್ ನೇರವಾಗಿ ಗೂಗಲ್‌ನ ಸರ್ವರ್‌ನ 25ನೇ ಪೋರ್ಟ್‌ಗೆ ಹೋಗಲು ನೋಡುತ್ತದೆ. ಬಹಳಷ್ಟು ಇಂಟರ್ನೆಟ್ ಕಂಪನಿಗಳು ಮನೆ, ಅಂಗಡಿಗಳ ಕನೆಕ್ಷನ್‌ನಲ್ಲಿ ಆ ಪೋರ್ಟ್ ಮುಚ್ಚಿರುತ್ತವೆ. ಲಾಗ್‌ನಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’ ಅಂತ ಕಾಣುತ್ತದೆ. ಕ್ಲೌಡ್‌ಗೆ ಹೋದರೂ ಇದೇ ಕಥೆ. ಗೂಗಲ್ ಕ್ಲೌಡ್‌ನಲ್ಲಿ, ಅಮೆಜಾನ್‌ನ ಇಸಿ2ನಲ್ಲಿ ಹೊರಹೋಗುವ 25ನೇ ಪೋರ್ಟ್‌ಗೆ ಮೊದಲಿಂದಲೇ ತಡೆ ಇರುತ್ತದೆ.

ತಡೆ ಇಲ್ಲ ಅಂದುಕೊಳ್ಳಿ. ಆದರೂ ಜೀಮೇಲ್ ಒಪ್ಪುವುದು ಕಷ್ಟ. ಕಳಿಸುವವರು ಯಾರು ಅಂತ ಕಮಾಂಡ್‌ಲೈನ್‌ನಲ್ಲಿ ಏನು ಬೇಕಾದರೂ ಬರೆಯಬಹುದು. ಮೇಲ್ ಕಳಿಸುವ ಮೂಲ ಪದ್ಧತಿ, ಅಂದರೆ ಎಸ್‌ಎಂಟಿಪಿ, ಅದನ್ನು ಪರೀಕ್ಷಿಸುವುದೇ ಇಲ್ಲ. ಈ ಸಡಿಲನ್ನು ಸ್ಪ್ಯಾಮ್‌ನವರು ಮನಸಾರೆ ಬಳಸಿಕೊಂಡರು. ಅದಕ್ಕೇ ಎಸ್‌ಪಿಎಫ್, ಡಿಕಿಮ್ ಅನ್ನುವ ಪರೀಕ್ಷೆಗಳು ಬಂದವು. ಈ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಹಕ್ಕಿದೆ ಅಂತ ಎಸ್‌ಪಿಎಫ್ ಹೇಳುತ್ತದೆ. ಡಿಕಿಮ್ ಪ್ರತಿ ಮೇಲ್‌ಗೂ ಒಂದು ಡಿಜಿಟಲ್ ಸಹಿ ಹಾಕುತ್ತದೆ. 2024ರ ಫೆಬ್ರವರಿಯಿಂದ ಜೀಮೇಲ್‌ಗೆ ಕಳಿಸುವ ಎಲ್ಲರೂ ಇವೆರಡರಲ್ಲಿ ಒಂದನ್ನಾದರೂ ಇಟ್ಟುಕೊಂಡಿರಬೇಕು. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಆ ಪರೀಕ್ಷೆಯಲ್ಲಿ ಫೇಲಾದ ಮೇಲ್ ಅನ್ನು ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್ ಕೂಡ. ನಿಮ್ಮ ಸರ್ವರ್‌ಗೆ ಸ್ವಂತ ಡೊಮೇನ್ ಇಲ್ಲ, ಐಪಿ ವಿಳಾಸ ಆಗಾಗ ಬದಲಾಗುವಂಥದ್ದು. ಲಾಗ್‌ನಲ್ಲಿ 550 ಮತ್ತು 5.7.26 ಅನ್ನುವ ಸಂಖ್ಯೆ ಕಂಡರೆ ಗುರುತಿನ ಪರೀಕ್ಷೆಯಲ್ಲಿ ಫೇಲ್ ಆಗಿದೆ ಅಂತ ಅರ್ಥ. ಇಂಥ ಮೇಲ್ ಸ್ಪ್ಯಾಮ್ ಫೋಲ್ಡರ್‌ಗೂ ಹೋಗುವುದಿಲ್ಲ, ಬಾಗಿಲಲ್ಲೇ ವಾಪಸ್.

ಹಾಗಾದರೆ ಏನು ಮಾಡಬಹುದು?

ಸ್ವಂತ ಮೇಲ್ ಸರ್ವರ್ ಕಟ್ಟುವ ಯೋಚನೆ ಬಿಡಿ. ದಿನಕ್ಕೊಂದು ವರದಿಗಾಗಿ ಡೊಮೇನ್, ಸ್ಥಿರ ಐಪಿ, ರಿವರ್ಸ್ ಡಿಎನ್‌ಎಸ್ ಎಲ್ಲ ಸಾಕುತ್ತಾ ಕೂರುವುದು ಅಂಗಡಿಯವರಿಗೆ ತಕ್ಕ ಕೆಲಸ ಅಲ್ಲ.

ನಿಮಗೆ ನಾನು ಹೇಳುವುದು ಪೋಸ್ಟ್‌ಫಿಕ್ಸನ್ನೇ ಇಟ್ಟುಕೊಂಡು, ಅದು ನೇರ ಹೋಗುವ ಬದಲು ಜೀಮೇಲ್‌ನ ಒಂದು ಖಾತೆಗೆ ಲಾಗಿನ್ ಆಗಿ ಅದರ ಮೂಲಕ ಕಳಿಸುವಂತೆ ಮಾಡುವುದು. ಕಾನ್ಫಿಗ್‌ನಲ್ಲಿ ರಿಲೇಹೋಸ್ಟ್ ಅನ್ನುವ ಸಾಲಿಗೆ ಜೀಮೇಲ್‌ನ ಎಸ್‌ಎಂಟಿಪಿ ಸರ್ವರ್ ಹೆಸರು ಮತ್ತು 587ನೇ ಪೋರ್ಟ್ ಕೊಡಬೇಕು. ದಾರಿಯಲ್ಲಿ ಯಾರೂ ಓದದ ಹಾಗೆ ಮಾಡುವ ಟಿಎಲ್‌ಎಸ್ ಕಡ್ಡಾಯ ಮಾಡಬೇಕು. ಉಬುಂಟುವಿನಲ್ಲಿ ಲಾಗಿನ್‌ಗೆ ಬೇಕಾದ ಎಸ್‌ಎಎಸ್‌ಎಲ್ ಮಾಡ್ಯೂಲ್‌ಗಳ ಪ್ಯಾಕೇಜ್ ಬೇರೆ ಹಾಕಬೇಕು. ಅದನ್ನು ಮರೆತರೆ ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಆಗುವುದಿಲ್ಲ. ಅರ್ಧ ದಿನ ತಿನ್ನುವ ತೊಂದರೆ ಅದು.

ನಿಮ್ಮ ಸ್ವಂತ ಜೀಮೇಲ್ ಪಾಸ್‌ವರ್ಡ್ ಸ್ಕ್ರಿಪ್ಟ್‌ನಲ್ಲಿ ಹಾಕುವುದು ಬೇಡವೇ ಬೇಡ. ಹಾಕಿದರೂ ಉಪಯೋಗವಿಲ್ಲ. ‘ಲೆಸ್ ಸೆಕ್ಯೂರ್ ಆ್ಯಪ್ಸ್’ ಆನ್ ಮಾಡಿ ಅನ್ನುವ ಹಳೆಯ ಸಲಹೆ ಈಗ ನಡೆಯುವುದಿಲ್ಲ. ಸಾಮಾನ್ಯ ಖಾತೆಗಳಿಗೆ ಗೂಗಲ್ ಅದನ್ನು 2022ರ ಮೇ 30ಕ್ಕೇ ನಿಲ್ಲಿಸಿತು. ಅದರ ಬದಲು ಸರ್ವರ್‌ಗೆ ಅಂತಲೇ ಹೊಸ ಜೀಮೇಲ್ ಖಾತೆ ಮಾಡಿ. ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಆಮೇಲೆ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಿ, 16 ಅಕ್ಷರದ್ದು. ಅದನ್ನು ಪೋಸ್ಟ್‌ಫಿಕ್ಸ್‌ನ ಪಾಸ್‌ವರ್ಡ್ ಫೈಲ್‌ನಲ್ಲಿಟ್ಟು, ರೂಟ್ ಬಿಟ್ಟು ಬೇರೆ ಯಾರೂ ಓದದ ಹಾಗೆ 600 ಅನುಮತಿ ಕೊಡಿ.

ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ಆ 16 ಅಕ್ಷರ ಯಾರ ಕೈಗಾದರೂ ಸಿಕ್ಕಿದರೆ ಆ ಖಾತೆಯಿಂದ ಮೇಲ್ ಕಳಿಸಬಹುದು, ಅದರಲ್ಲಿರುವ ಮೇಲ್ ಓದಬಹುದು. ಖಾತೆ ಬೇರೆಯದೇ ಆಗಿರಬೇಕು ಅಂದಿದ್ದು ಅದಕ್ಕೇ. ಅದರಲ್ಲಿ ಬ್ಯಾಂಕ್, ಜಿಎಸ್‌ಟಿ ಮೇಲ್ ಯಾವುದೂ ಇರಬಾರದು. ಇನ್ನೊಂದು ಎಚ್ಚರ, ಪಾಸ್‌ವರ್ಡನ್ನು ಕಮಾಂಡ್ ಜೊತೆಗೇ ಟೈಪ್ ಮಾಡುವ ಉದಾಹರಣೆಗಳು ಎಲ್ಲೆಡೆ ಸಿಗುತ್ತವೆ. ಹಾಗೆ ಮಾಡಿದರೆ ಅದು ಬ್ಯಾಶ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಕಮಾಂಡ್ ಓಡುತ್ತಿರುವಷ್ಟು ಹೊತ್ತು, ಓಡುತ್ತಿರುವ ಕೆಲಸಗಳನ್ನು ತೋರಿಸುವ ಪಿಎಸ್ ಕಮಾಂಡ್ ಕೊಟ್ಟ ಯಾರಿಗಾದರೂ ಕಾಣಬಹುದು. ನಿಮ್ಮ ಸರ್ವರ್‌ಗೆ ಕೌಂಟರ್‌ನವರೆಲ್ಲ ಲಾಗಿನ್ ಆಗುತ್ತಾರೆ, ಅಲ್ವಾ?

ಎಂಎಸ್‌ಎಂಟಿಪಿ ಅನ್ನುವ ಚಿಕ್ಕ ಪ್ರೋಗ್ರಾಂ ಕೂಡ ಇದೇ ಕೆಲಸ ಮಾಡುತ್ತದೆ, ಹೊಂದಿಸುವುದು ಇನ್ನೂ ಸುಲಭ. ಲ್ಯಾಪ್‌ಟಾಪ್‌ಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅದರಲ್ಲಿ ಕ್ಯೂ ಇಲ್ಲ. ಕಳಿಸುವ ಹೊತ್ತಿಗೆ ನೆಟ್ ಹೋಗಿದ್ದರೆ ಆ ಮೇಲ್ ಹೋದ ಹಾಗೇ. ಪೋಸ್ಟ್‌ಫಿಕ್ಸ್ ಆದರೆ ನೆಟ್ ಬರುವವರೆಗೆ ಇಟ್ಟುಕೊಂಡು ಕಾಯುತ್ತದೆ. ಆಗಾಗ ನೆಟ್ ಹೋಗುವ ಊರಲ್ಲಿ ಈ ಒಂದು ಗುಣಕ್ಕೇ ಪೋಸ್ಟ್‌ಫಿಕ್ಸ್ ಬೇಕು.

ಇದಾದ ಮೇಲೆ ಇಟಿಸಿ ಡೈರೆಕ್ಟರಿಯ ಅಲಿಯಾಸಸ್ ಫೈಲ್‌ನಲ್ಲಿ ರೂಟ್‌ನ ಮುಂದೆ ನಿಮ್ಮ ಸಾಮಾನ್ಯ ಲಾಗಿನ್ ಹೆಸರು, ಕಾಮಾ, ನಿಮ್ಮ ಜೀಮೇಲ್ ವಿಳಾಸ ಬರೆಯಿರಿ. ನ್ಯೂಅಲಿಯಾಸಸ್ ಕಮಾಂಡ್ ಓಡಿಸಿ. ಅಲ್ಲಿಂದ ಮುಂದೆ ಕ್ರಾನ್‌ನ ಪ್ರತಿ ದೂರೂ ಎರಡು ಕಡೆ ಹೋಗುತ್ತದೆ, ಒಂದು ಪ್ರತಿ ಸರ್ವರ್‌ನಲ್ಲೇ ಉಳಿಯುತ್ತದೆ. ಗೂಗಲ್ ಖಾತೆ ಏನಾದರೂ ಬ್ಲಾಕ್ ಆದರೂ ದಾಖಲೆ ಕೈಯಲ್ಲಿರುತ್ತದೆ.

ಬ್ಯಾಕಪ್ ಫೈಲನ್ನೇ ಮೇಲ್‌ಗೆ ಅಂಟಿಸುವ ಆಸೆ ಬಂದರೆ ತಡೆಯಿರಿ. ಜೀಮೇಲ್‌ನ ಮಿತಿ 25 ಎಂಬಿ. ಅದಕ್ಕಿಂತ ಮುಖ್ಯವಾಗಿ ನಿಮ್ಮ ಗ್ರಾಹಕರ ಹೆಸರು, ಫೋನ್ ನಂಬರ್, ಬಾಕಿ ಲೆಕ್ಕ ಎಲ್ಲ ಒಂದು ಮೇಲ್‌ಬಾಕ್ಸ್‌ನಲ್ಲಿ ರಾಶಿ ಬೀಳುತ್ತದೆ. ಫೈಲ್‌ನ ಗಾತ್ರ, ಜಿಜಿಪ್ ಪರೀಕ್ಷೆ ಪಾಸಾಯಿತಾ, ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ, ಈ ಮೂರು ಸಾಲು ಮೇಲ್‌ನಲ್ಲಿ ಬಂದರೆ ಸಾಕು. ಬ್ಯಾಕಪ್‌ನ ಈ ಒಂದು ವರದಿ ಮಾತ್ರ, ಎಲ್ಲ ಸರಿ ಇದ್ದರೂ ದಿನಾ ಬರಲಿ. ಕರೆಂಟ್ ಹೋಗಿ ಸರ್ವರ್ ಸತ್ತು ಬಿದ್ದಿದ್ದರೆ ಎರರ್ ಮೇಲ್ ಕಳಿಸಲು ಅಲ್ಲಿ ಯಾರೂ ಇರುವುದಿಲ್ಲ. ಬೆಳಗ್ಗೆ ವರದಿ ಬರಲಿಲ್ಲ ಅಂದರೆ ಅದೇ ಅಲಾರಾಂ.

ವಾಟ್ಸಾಪ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಸಾಮಾನ್ಯ ವಾಟ್ಸಾಪ್ ನಂಬರ್‌ನಿಂದ ಕಮಾಂಡ್‌ಲೈನ್‌ನಲ್ಲಿ ಕಳಿಸಲು ಅಧಿಕೃತ ದಾರಿ ಇಲ್ಲ. ಇರುವುದು ಬಿಸಿನೆಸ್ ಪ್ಲಾಟ್‌ಫಾರ್ಮ್, ಅದರ ಲೆಕ್ಕಾಚಾರವೇ ಬೇರೆ. ವಾಟ್ಸಾಪ್ ವೆಬ್ ಅನ್ನು ಹಿಂಬಾಗಿಲಿನಿಂದ ಬಳಸುವ ಟೂಲ್‌ಗಳಿವೆ. ಅವನ್ನು ಬಳಸಿದ ನಂಬರ್ ಬ್ಯಾನ್ ಆಗಬಹುದು. ಅಂಗಡಿಯ ನಂಬರನ್ನು ಪಣಕ್ಕಿಡಬೇಡಿ. ಫೋನ್‌ಗೆ ಟಣ್ ಅಂತ ಬರಲೇಬೇಕು ಅಂದರೆ ಟೆಲಿಗ್ರಾಂ ಬಾಟ್ ಸುಲಭ. ಕರ್ಲ್ ಕಮಾಂಡ್‌ನ ಒಂದೇ ಸಾಲಿನಲ್ಲಿ ಕೆಲಸ ಆಗುತ್ತದೆ, ದುಡ್ಡಿಲ್ಲ. ಬಾಟ್‌ನ ಟೋಕನ್ ಕೂಡ ಪಾಸ್‌ವರ್ಡ್ ಇದ್ದ ಹಾಗೆ, ಅದನ್ನೂ 600 ಅನುಮತಿಯ ಫೈಲ್‌ನಲ್ಲಿಡಿ. ಮೇಲ್ ಅನ್ನು ತೆಗೆಯಬೇಡಿ, ಟೆಲಿಗ್ರಾಂ ಜೊತೆಗಿರಲಿ.

ಕನ್ನಡದ ಪ್ರಶ್ನೆ ಚಿಹ್ನೆಗಳು

ಮೇಲ್ ಅನ್ನುವ ಒಂದೇ ಹೆಸರಿನ ಹಿಂದೆ ಬೇರೆ ಬೇರೆ ಪ್ರೋಗ್ರಾಂಗಳಿವೆ. ಉಬುಂಟುವಿನಲ್ಲಿ ಅದು ಗ್ನೂ ಮೇಲ್‌ಯುಟಿಲ್ಸ್ ಇರಬಹುದು, ಬಿಎಸ್‌ಡಿ ಮೇಲ್‌ಎಕ್ಸ್ ಇರಬಹುದು. ರೆಡ್ ಹ್ಯಾಟ್ ಅನ್ನುವ ಇನ್ನೊಂದು ಲಿನಕ್ಸ್ ಕಡೆ ಹೊಸದರಲ್ಲಿ ಎಸ್-ನೇಲ್. ಒಂದರ ಆಪ್ಷನ್ ಇನ್ನೊಂದಕ್ಕೆ ಹೊಂದುವುದಿಲ್ಲ. ಸಣ್ಣಕ್ಷರದ ಎ ಆಪ್ಷನ್ ಎಸ್-ನೇಲ್‌ನಲ್ಲಿ ಫೈಲ್ ಅಂಟಿಸುತ್ತದೆ. ಮೇಲ್‌ಯುಟಿಲ್ಸ್‌ನಲ್ಲಿ ಹೆಡರ್ ಸಾಲು ಸೇರಿಸುತ್ತದೆ, ಫೈಲ್ ಅಂಟಿಸಲು ಅಲ್ಲಿ ದೊಡ್ಡಕ್ಷರದ ಎ ಬೇಕು. ಯಾವುದೋ ಲೇಖನದಿಂದ ಕಾಪಿ ಮಾಡಿದ ಸಾಲು ಕೆಲಸ ಮಾಡದಿರುವುದು ಇದಕ್ಕೇ.

ಕನ್ನಡ ಕೆಡುವುದಕ್ಕೆ ಎರಡು ಕಾರಣ. ಮೇಲ್‌ನ ಹೆಡರ್‌ಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಅಂತ ಮಾಡಿದ್ದು. ಅಲ್ಲಿ ಕನ್ನಡ ಹೋಗಬೇಕಾದರೆ ಮೈಮ್ ಪದ್ಧತಿಯಲ್ಲಿ ಸುತ್ತಿ ಕಳಿಸಬೇಕು. ಹಳೆಯ ಮೇಲ್ ಪ್ರೋಗ್ರಾಂಗಳಲ್ಲಿ ಕೆಲವು ಅದನ್ನು ತಾವಾಗಿ ಮಾಡುವುದಿಲ್ಲ. ಎರಡನೆಯದು ಲೊಕೇಲ್, ಅಂದರೆ ಯಾವ ಭಾಷೆ, ಯಾವ ಅಕ್ಷರ ಪದ್ಧತಿ ಅಂತ ಹೇಳುವ ಸೆಟ್ಟಿಂಗ್. ನೀವು ಕೂತು ಟೈಪ್ ಮಾಡುವಾಗ ಲ್ಯಾಂಗ್ ಅನ್ನುವ ಸೆಟ್ಟಿಂಗ್‌ನಲ್ಲಿ ಕನ್ನಡಕ್ಕೂ ಆಗುವ ಯುಟಿಎಫ್-8 ಇರುತ್ತದೆ. ಕ್ರಾನ್ ಓಡಿಸುವಾಗ ಅದು ಬಹಳ ಸಲ ಇರುವುದಿಲ್ಲ. ಹಳೆಯ ಸೆಂಟ್‌ಓಎಸ್‌ನ ಮೇಲ್‌ಎಕ್ಸ್ ಆಗ ಇಡೀ ಪತ್ರವನ್ನೇ ಬೈನರಿ ಫೈಲ್ ಅಂದುಕೊಂಡು ಅಟ್ಯಾಚ್‌ಮೆಂಟ್ ಮಾಡಿಬಿಡುತ್ತದೆ. ಔಟ್‌ಲುಕ್‌ನಲ್ಲಿ ಎಟಿಟಿ00001 ಡಾಟ್ ಬಿನ್ ಅನ್ನುವ ಫೈಲ್ ಬರುತ್ತದಲ್ಲ, ಅದು ಇದೇ. ಟರ್ಮಿನಲ್‌ನಿಂದ ಸರಿಯಾಗಿ ಹೋಗಿ ಕ್ರಾನ್‌ನಿಂದ ಕೆಡುತ್ತಿದ್ದರೆ ಕಾರಣ ಲೊಕೇಲ್. ಕ್ರಾನ್‌ಟ್ಯಾಬ್‌ನ ಮೇಲ್ಗಡೆ ಲ್ಯಾಂಗ್‌ಗೆ ಯುಟಿಎಫ್-8 ಲೊಕೇಲ್ ಕೊಡಿ.

ಮಟ್ ಅನ್ನುವ ಪ್ರೋಗ್ರಾಂ ಹಾಕಿಕೊಂಡರೆ ಈ ತಲೆನೋವು ಬಹುಪಾಲು ಹೋಗುತ್ತದೆ. 1995ರಿಂದ ಇದೆ, ಕನ್ನಡದ ವಿಷಯ, ಕನ್ನಡದ ಪತ್ರ ಎರಡನ್ನೂ ಸರಿಯಾಗಿ ಸುತ್ತುತ್ತದೆ. ಸ್ಕ್ರಿಪ್ಟ್‌ನಿಂದಲೂ ಕಳಿಸಬಹುದು. ಮೇಲ್ ಓದಲು ಸಹ ಹಳೆಯ ಮೇಲ್ ಕಮಾಂಡ್‌ಗಿಂತ ಬಹಳ ಹಿತ. ವಿಷಯ ಮಾತ್ರ ಚಿಕ್ಕದಾಗಿರಲಿ, ‘ಬ್ಯಾಕಪ್ ಆಯಿತು’, ‘ಬ್ಯಾಕಪ್ ಆಗಿಲ್ಲ’ ಅಂತ. ಅಂಗಡಿಯಲ್ಲಿ ಯಾರು ಫೋನ್ ನೋಡಿದರೂ ಅರ್ಥವಾಗಬೇಕು.

ಕೌಂಟರ್‌ನವರಿಗೆ ಸಂದೇಶ

ನೀವು ಕೇಳುತ್ತಿರುವ ಕಮಾಂಡ್‌ನ ಹೆಸರು ವಾಲ್. ಸುಡೂ ಜೊತೆ ವಾಲ್, ಅದರ ಮುಂದೆ ನಿಮ್ಮ ಮಾತು. ಟರ್ಮಿನಲ್‌ನಲ್ಲಿ ಲಾಗಿನ್ ಆಗಿರುವ ಎಲ್ಲರ ಸ್ಕ್ರೀನ್ ಮೇಲೂ ಅದು ಬರುತ್ತದೆ. ಒಬ್ಬರಿಗೆ ಮಾತ್ರ ಆದರೆ ರೈಟ್ ಅನ್ನುವ ಕಮಾಂಡ್. ಮೆಸ್ಗ್ ಅನ್ನುವ ಕಮಾಂಡ್‌ಗೆ ಎನ್ ಕೊಟ್ಟು ನನಗೆ ಸಂದೇಶ ಬೇಡ ಅಂತ ಯಾರು ಬೇಕಾದರೂ ಬಾಗಿಲು ಹಾಕಿಕೊಳ್ಳಬಹುದು, ಆದರೆ ರೂಟ್ ಕಳಿಸಿದ್ದು ಆ ಬಾಗಿಲನ್ನೂ ದಾಟಿ ಹೋಗುತ್ತದೆ. ಬ್ರೌಸರ್‌ನಲ್ಲಿ ಕೆಲಸ ಮಾಡುವವರಿಗೆ ಇದು ಕಾಣುವುದಿಲ್ಲ. ನಿಮ್ಮವರೆಲ್ಲ ಪುಟ್ಟಿಯಲ್ಲಿರುವುದರಿಂದ ತೊಂದರೆ ಇಲ್ಲ.

ರೀಸ್ಟಾರ್ಟ್‌ಗೆ ಅಂತಲೇ ಆದರೆ ವಾಲ್ ಬೇರೆ ಬೇಕಿಲ್ಲ. ಶಟ್‌ಡೌನ್ ಕಮಾಂಡ್‌ಗೆ ಹೈಫನ್ ಆರ್, ಪ್ಲಸ್ 10 ಮತ್ತು ಒಂದು ಸಂದೇಶ ಕೊಟ್ಟರೆ 10 ನಿಮಿಷ ಮೊದಲೇ ಎಲ್ಲರಿಗೂ ಹೇಳುತ್ತದೆ, ಹೊತ್ತಿಗೆ ಸರಿಯಾಗಿ ರೀಸ್ಟಾರ್ಟ್ ಮಾಡುತ್ತದೆ. ಮನಸ್ಸು ಬದಲಾದರೆ ಹೈಫನ್ ಸಿ ಕೊಟ್ಟು ರದ್ದು ಮಾಡಿ. ಸಂದೇಶ ಬಿಲ್‌ನ ಸ್ಕ್ರೀನ್ ಮೇಲೆ ಅಡ್ಡಾದಿಡ್ಡಿ ಬೀಳುತ್ತದೆ. ಬಿಲ್ ಕೆಟ್ಟಿಲ್ಲ, ಸ್ಕ್ರೀನ್ ಮಾತ್ರ ಕಲೆಸಿದೆ ಅಂತ ಕೌಂಟರ್‌ನವರಿಗೆ ಮೊದಲೇ ಹೇಳಿಡಿ. ಹೆಚ್ಚಿನ ಪ್ರೋಗ್ರಾಂಗಳಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಸ್ಕ್ರೀನ್ ಮತ್ತೆ ಸರಿಯಾಗಿ ಬರುತ್ತದೆ. ಇಲ್ಲಿ ಕನ್ನಡ ಬೇಡ. ಪುಟ್ಟಿಯಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ.

ಒಂದು ಸುರಕ್ಷತೆಯ ವಿಷಯ ಉಳಿದಿದೆ. 2024ರ ಮಾರ್ಚ್‌ನಲ್ಲಿ ವಾಲ್‌ನಲ್ಲೇ ಒಂದು ದೋಷ ಹೊರಬಂತು. ಅದಕ್ಕೆ ವಾಲ್‌ಎಸ್ಕೇಪ್ ಅಂತ ಹೆಸರಿಟ್ಟರು. ವಾಲ್‌ನ ಸಂದೇಶದಲ್ಲಿ ಟರ್ಮಿನಲ್‌ನ ಗುಪ್ತ ಸಂಕೇತಗಳನ್ನು ಸೇರಿಸಿ, ಇನ್ನೊಬ್ಬರ ಸ್ಕ್ರೀನ್ ಮೇಲೆ ಸುಡೂ ಪಾಸ್‌ವರ್ಡ್ ಕೇಳುವ ಹಾಗೆ ನಾಟಕ ಮಾಡಬಹುದಿತ್ತು. ದೋಷ ಇದ್ದ ಪಟ್ಟಿಯಲ್ಲಿ ನಿಮ್ಮ ಉಬುಂಟು 22.04 ಕೂಡ ಇತ್ತು. ಸರಿಪಡಿಸಿದ ಅಪ್‌ಡೇಟ್ ಆಗಲೇ ಬಂದಿದೆ. ಹುಡುಗ ಬಿಟ್ಟು ಹೋದ ಮೇಲೆ ಅಪ್‌ಡೇಟ್ ಮಾಡಿಲ್ಲದಿದ್ದರೆ, ಬ್ಯಾಕಪ್ ಸರಿಯಾದ ಮಾರನೇ ದಿನ ಆ್ಯಪ್ಟ್ ಅಪ್‌ಡೇಟ್, ಆ್ಯಪ್ಟ್ ಅಪ್‌ಗ್ರೇಡ್ ಎರಡನ್ನೂ ಓಡಿಸಿ. ಅಂಗಡಿ ಮುಚ್ಚಿದ ಮೇಲೆ ಮಾಡಿ, ಬ್ಯಾಕಪ್‌ಗಿಂತ ಮೊದಲು ಮಾಡಬೇಡಿ.